ಟೇಪಿಗೆ ಬಿದ್ದ ಗಂಟೆ

ಸ್ಯಾನ್ ರಮೋನಿನ ನಮ್ಮ ಬಾಡಿಗೆ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಗೋಡೆ ಎಂದರೆ ಇಲ್ಲಿ ಇಟ್ಟಿಗೆಯಲ್ಲ, ಮರದ ಚೌಕಟ್ಟಿಗೆ ಹೊಡೆದ ಹಲಗೆ. ಆ ಕಡೆ ಯಾರಾದರೂ ಸೀನಿದರೆ ಈ ಕಡೆಯಿಂದ ಚಿರಂಜೀವಿ ಎನ್ನಬಹುದು. ಒಂಬತ್ತು ವರ್ಷ ಆ ಹಲಗೆಯಾಚೆ ಮೆಕ್ಸಿಕೋದವರ ಸಂಸಾರವಿತ್ತು. ಗಂಡ ಮನೆಗಳಿಗೆ ಟೈಲ್ಸ್ ಹಾಕುವವನು. ಹೆಂಡತಿ ಪ್ಲೆಸೆಂಟನ್‌ನ ಒಂದು ಡೇಕೇರಿನಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದಳು. ಮಧ್ಯಾಹ್ನ ಎರಡಕ್ಕೆ ಮನೆಗೆ ಬರುತ್ತಿದ್ದಳು. ಬಂದವಳು ಬೂಟು ಬಿಚ್ಚುವ ಮೊದಲೇ ಹಾಡಲು ಶುರು.

ಆ ಹಾಡು ನನಗೆ ಎಷ್ಟು ಬೇಕಾಗಿತ್ತೆಂದು ಆಗ ನನಗೆ ಗೊತ್ತಿರಲಿಲ್ಲ. ನಮ್ಮ ಯಜಮಾನರು ಬೆಳಗಿನ ಆರಕ್ಕೆಲ್ಲ ಸ್ಯಾನ್ ಫ್ರಾನ್ಸಿಸ್ಕೋದ ಆಫೀಸಿಗೆ ಹೊರಟುಬಿಡುತ್ತಾರೆ. ಸಂಜೆ ಬರುವಷ್ಟರಲ್ಲಿ ಅವರ ಮಾತೆಲ್ಲ ಮೀಟಿಂಗುಗಳಲ್ಲಿ ಖರ್ಚಾಗಿರುತ್ತದೆ. ಮಗಳು ದೂರದ ಕಾಲೇಜಿನಲ್ಲಿದ್ದಾಳೆ. ಭಾನುವಾರ ಫೋನು ಮಾಡಿದಾಗ ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಹತ್ತು ನಿಮಿಷದಲ್ಲಿ ಇಬ್ಬರಿಗೂ ಮುಗಿಯುತ್ತದೆ. ಯಾರ ಮೇಲೂ ನನಗೆ ದೂರಿಲ್ಲ. ಹೊಟ್ಟೆಗೆ ಬಟ್ಟೆಗೆ ಕೊರತೆಯಿಲ್ಲ, ಮೈಯಲ್ಲಿ ರೋಗವಿಲ್ಲ, ಸ್ವಾಮಿ ಇಷ್ಟರಮಟ್ಟಿಗೆ ನಡೆಸಿದ್ದಾನೆ. ಆದರೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಈ ಮನೆಯಲ್ಲಿ ಫ್ರಿಜ್ಜು ಗುರ್ರೆನ್ನುವುದು ಬಿಟ್ಟರೆ ಬೇರೆ ಸದ್ದಿರುವುದಿಲ್ಲ. ಎರಡಕ್ಕೆ ಆಕೆಯ ಬಾಗಿಲು ದಡ್ ಎನ್ನುತ್ತಿತ್ತು, ಹಾಡು ಬರುತ್ತಿತ್ತು, ನಾನು ಎದ್ದು ಕಾಫಿಗೆ ನೀರಿಡುತ್ತಿದ್ದೆ.

ನಾವಿಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ. ಆಕೆ ಮೊದಲ ದಿನವೇ ನನ್ನನ್ನು 'ವೆಸೀನಾ' ಎಂದಳು. ಅವರ ಭಾಷೆಯಲ್ಲಿ ನೆರೆಮನೆಯವಳು ಎಂದರ್ಥವಂತೆ. ನಾನೂ ಆಕೆಯನ್ನು ಹಾಗೆಯೇ ಕರೆದೆ. ನಮ್ಮ ಮಾತು ಇಬ್ಬರ ಅರೆಬರೆ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಇಲ್ಲಿ ಅದನ್ನು ನಮ್ಮ ಮಂಡ್ಯದ ಕಡೆಯ ಬಾಯಿಗೆ ಬಂದಂತೆ ಬರೆಯುತ್ತಿದ್ದೇನೆ. ಆಕೆಯ ಮನೆಯಲ್ಲಿ ಒಂದು ನೀಲಿ ಪಾತ್ರೆ ಇತ್ತು. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದ ಮೇಲೆ ನನಗಾಗಿಯೇ ಬೇರೆ ಇಟ್ಟುಕೊಂಡದ್ದು. ಜೋಳದ ಹಿಟ್ಟಿನೊಳಗೆ ಚೀಸು, ಹಸಿಮೆಣಸಿನಕಾಯಿ ತುಂಬಿ, ಜೋಳದ ಸಿಪ್ಪೆಯಲ್ಲಿ ಸುತ್ತಿ, ಅದೇ ಪಾತ್ರೆಯಲ್ಲಿ ಬೇಯಿಸಿ ತಂದುಕೊಡುತ್ತಿದ್ದಳು. ಒಡಹುಟ್ಟಿದವರೂ ಇಷ್ಟು ಮಡಿ ನೋಡುವುದಿಲ್ಲ.

ನನ್ನ ದಿನಚರಿಯೂ ಆಕೆಗೆ ಗೊತ್ತಿತ್ತು. ಇಲ್ಲಿ ದೇವರ ಮನೆ ಎಂದರೆ ಕೋಟು ತೂಗುಹಾಕುವ ಗೂಡು, ಬಾಗಿಲು ತೆಗೆದು ಮಣೆ ಇಟ್ಟರೆ ಆಯಿತು. ನಮ್ಮ ಗೂಡು ಆ ನಡುಗೋಡೆಗೇ ಅಂಟಿಕೊಂಡಿದೆ. ಗೋಡೆಯಾಚೆ ಆಕೆಯ ಹಜಾರ. ಅತ್ತೆಯವರು ಕೊಟ್ಟ ಕಂಚಿನ ಗಂಟೆಯದು ಭಾರಿ ಗಂಟಲು. ಬೆಳಿಗ್ಗೆ ಮಂಗಳಾರತಿ ಎತ್ತಿದರೆ, "ನಿನ್ನ ದೇವರು ಎದ್ದ ಮೇಲೇ ನಮ್ಮನೇಲಿ ಕಾಫಿ" ಎನ್ನುತ್ತಿದ್ದಳು.

ಕಳೆದ ಕಾರ್ತಿಕದಲ್ಲಿ ಒಂದು ಬುಧವಾರ ಆಕೆ ಆ ನೀಲಿ ಪಾತ್ರೆಯನ್ನೇ ಹಿಡಿದು ಬಾಗಿಲಿಗೆ ಬಂದಳು. ಒಳಗೆ ಏನೂ ಇರಲಿಲ್ಲ.

"ಇದು ನಿಂಗೇ ಇಟ್ಕೋ ವೆಸೀನಾ. ನಾವು ಟೆಕ್ಸಸ್‌ಗೆ ಹೋಗ್ತಾ ಇದೀವಿ. ಭಾನುವಾರ."

ಗಂಡನ ಸೋದರ ಸಂಬಂಧಿಗೆ ಅಲ್ಲಿ ಟೈಲ್ಸಿನ ಕೆಲಸ ಜೋರಾಗಿದೆಯಂತೆ, ಇಲ್ಲಿಯ ಬಾಡಿಗೆ ಇನ್ನು ಆಗುವುದಿಲ್ಲವಂತೆ. ನಾನು ಪಾತ್ರೆ ಹಿಡಿದುಕೊಂಡು ನಿಂತೆ. ಕೂತ್ಕೋ ಎನ್ನುವುದೂ ಮರೆತುಹೋಯಿತು.

"ಒಂದು ಉಪಕಾರ ಆಗ್ಬೇಕು," ಎಂದಳು. "ಶನಿವಾರ ಎರಡರಿಂದ ಐದರ ತನಕ ಕುಕ್ಕರ್ ಕೂಗಿಸ್ಬೇಡ."

"ಅಯ್ಯೋ, ಯಾಕೆ?"

"ಅಷ್ಟರಲ್ಲಿ ಮನೆ ಖಾಲಿ ಮಾಡಿರ್ತೀವಿ. ಖಾಲಿ ಹಜಾರದಲ್ಲಿ ಧ್ವನಿ ಚೆನ್ನಾಗಿ ಬರುತ್ತಂತೆ. ನಮ್ಮಣ್ಣ ಒಬ್ರು ಟೇಪಿನವ್ರನ್ನ ಕರ್ಕೊಂಡು ಬರ್ತಾನೆ. ಹಾಡು ರೆಕಾರ್ಡ್ ಮಾಡ್ತೀವಿ."

ಆಕೆಯ ಅಣ್ಣ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೆ ಊಟದ ತಟ್ಟೆ ಒಯ್ಯುವ ಕೆಲಸದವನು. ಪಿಟೀಲು ಬಾರಿಸುತ್ತಾನೆ. ಭಾನುವಾರಗಳಲ್ಲಿ ಅವನು ಬಂದನೆಂದರೆ ಆ ಮನೆಯಲ್ಲಿ ಹಬ್ಬ. ತಂಗಿ ಹಾಡುವುದು, ಅಣ್ಣ ಪಿಟೀಲು, ತಂಗಿಯ ಗಂಡನದು ಹೊಟ್ಟೆ ದಪ್ಪನೆಯ ದೊಡ್ಡ ಗಿಟಾರು.

"ಮೂವತ್ತು ವರ್ಷದಿಂದ ನಾನೂ ಅಣ್ಣಾನೂ ಒಟ್ಟಿಗೆ ಹಾಡ್ತಾ ಇದೀವಿ," ಎಂದಳು. "ಒಂದು ಸಲಾನೂ ನೆಟ್ಟಗೆ ರೆಕಾರ್ಡ್ ಆಗಿಲ್ಲ. ಫೋನಲ್ಲಿ ಇರೋದೆಲ್ಲ ಮಕ್ಕಳ ಗಲಾಟೆ, ಕೇಕ್ ಕಟ್ ಮಾಡೋದು, ಬಾಟ್ಲು ಬೀಳೋದು. ಭಾನುವಾರ ಆದ್ಮೇಲೆ ನಾವಿಬ್ರೂ ಒಂದೇ ರೂಮಲ್ಲಿ ಯಾವಾಗ ನಿಲ್ತೀವೋ. ಅವನ ಪಿಟೀಲು, ನನ್ನ ಗಂಟಲು, ಒಂದು ಸಲ ಒಟ್ಟಿಗೆ ಬಿದ್ರೆ ಸಾಕು."

ಅಂದು ಸಂಜೆ ದೀಪ ಹಚ್ಚುವಾಗ ನಾನು ಹರಕೆ ಹೊತ್ತೆ. ಸ್ವಾಮಿ, ಅಣ್ಣ ತಂಗಿಯ ಆ ಹಾಡು ಸರಿಯಾಗಿ ಬಂದರೆ ಅದೇ ಗಳಿಗೆಯಲ್ಲಿ ನಿನಗೆ ತುಪ್ಪದ ದೀಪ ಹಚ್ಚಿ ಮಂಗಳಾರತಿ ಎತ್ತುತ್ತೇನೆ ಎಂದು. ಅದೇ ಗಳಿಗೆಯಲ್ಲಿ ಎನ್ನುವ ಮಾತು ಯಾಕೆ ಸೇರಿಸಿದೆನೋ. ದೇವರಿಗೆ ಸಾಲ ಉಳಿಸಿಕೊಳ್ಳಬಾರದೆಂಬ ನನ್ನ ಅವಸರ, ಅಷ್ಟೆ.

ಶನಿವಾರ ಬೆಳಿಗ್ಗೆಯೇ ಅಡುಗೆ ಮುಗಿಸಿ, ಚಿತ್ರಾನ್ನ, ಕೋಸಂಬರಿ ಡಬ್ಬಿಗೆ ತುಂಬಿಕೊಂಡು ಎರಡಕ್ಕೆ ಹೋದೆ. ನಮ್ಮ ಯಜಮಾನರು ಅಂದೂ ಆಫೀಸಿಗೆ ಹೋಗಿದ್ದರು. ಏನೋ ರಿಲೀಸು. ಪಕ್ಕದ ಮನೆಯಲ್ಲಿ ಸೋಫಾ ಇಲ್ಲ, ಪರದೆ ಇಲ್ಲ, ಗೋಡೆಯ ಮೇಲೆ ಅವರ ದೇವಮಾತೆಯ ಪಟ ಇದ್ದ ಜಾಗದಲ್ಲಿ ಬೆಳ್ಳನೆ ಚೌಕ. ನಾನು "ಬಂದೆ" ಎಂದರೆ ಹಜಾರ ಅದನ್ನು ಎರಡು ಸಲ ಹೇಳಿತು.

ಟೇಪಿನವರು ಬಿಳಿ ಗಡ್ಡದ ಎತ್ತರದ ಮುದುಕರು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಊಟದ ತಟ್ಟೆ ತಂದವನು ಗುನುಗುವುದನ್ನು ಕೇಳಿ ಪರಿಚಯ ಮಾಡಿಕೊಂಡವರಂತೆ. ಅವರ ಯಂತ್ರ ನಮ್ಮ ಗ್ಯಾಸ್ ಒಲೆಯಷ್ಟು ದೊಡ್ಡದು, ಮೇಲೆ ಎರಡು ಚಕ್ರ. ಹತ್ತಿಯ ಕಡ್ಡಿಗೆ ಸ್ಪಿರಿಟ್ಟು ಹಚ್ಚಿ ಟೇಪು ಹಾದುಹೋಗುವ ಜಾಗವನ್ನು ಒಂದೊಂದೇ ಒರೆಸುತ್ತಿದ್ದರು. ಹಬ್ಬದ ಹಿಂದಿನ ದಿನ ಬೆಳ್ಳಿ ಸಾಮಾನು ತೊಳೆಯುವವರಂತೆ, ಯಾರ ಕಡೆಗೂ ನೋಡದೆ. ನನಗೆ ಅವರ ಮೇಲೆ ಗೌರವ ಬಂತು.

"ಕಂಪ್ಯೂಟರಲ್ಲಿ ಮಾಡಿದ್ರೆ ಸುಲಭ ಅಲ್ವಾ?" ಎಂದು ಕೇಳಿದೆ. ನಮ್ಮ ಮನೆಯಲ್ಲಿ ಎಲ್ಲವೂ ಕಂಪ್ಯೂಟರೇ.

"ಸುಲಭ. ತಪ್ಪು ಮಾಡಿದ್ರೆ ಆಮೇಲೆ ಸರಿ ಮಾಡ್ಬಹುದು. ಅದಕ್ಕೇ ಯಾರೂ ಒಬ್ರನ್ನೊಬ್ರು ಕೇಳಿಸ್ಕೊಳಲ್ಲ. ಇದ್ರಲ್ಲಿ ಎಲ್ರೂ ಒಟ್ಟಿಗೆ ಸರಿಯಾಗಿರ್ಬೇಕು, ಇಲ್ಲಾಂದ್ರೆ ಎಲ್ರೂ ಒಟ್ಟಿಗೆ ತಪ್ಪು."

ಆದರೆ ಒಂದು ತೊಂದರೆಯಾಗಿತ್ತು. ಅವರು ತಂದ ದೊಡ್ಡ ರೀಲುಗಳು ಹಳೆಯವಾಗಿ ಅಂಟಂಟಾಗಿ ಕಂದು ಪುಡಿ ಬಿಡುತ್ತಿದ್ದವು. ಸರಿಯಿದ್ದದ್ದು ಒಂದೇ ಒಂದು ಚಿಕ್ಕ ರೀಲು. ಒಂದು ಹಾಡು ಹಿಡಿಯುವಷ್ಟು, ಅಷ್ಟೇ. ತಪ್ಪಾದರೆ ಹಿಂದಕ್ಕೆ ಸುತ್ತಿ ಅದರ ಮೇಲೆಯೇ ಮತ್ತೆ ಹಾಡಬೇಕು.

"ಆಗ ಮೊದಲು ಹಾಡಿದ್ದು?" ಎಂದೆ.

"ಹೋಯ್ತು," ಎಂದು ಕೈ ಬಿಡಿಸಿ ತೋರಿಸಿದರು.

ಅಣ್ಣ ಐದೂಕಾಲಿಗೆ ಹೊರಡಲೇಬೇಕು, ಸಂಜೆಯ ಪಾಳಿ. ಆರಕ್ಕೆ ಮನೆಯ ಮ್ಯಾನೇಜರು ಖಾಲಿ ಮನೆ ಪರೀಕ್ಷಿಸಲು ಬರುತ್ತಾರೆ. ಹಾಗೆಂದು ತಂಗಿಗೇನೂ ಗಾಬರಿಯಿದ್ದಂತಿರಲಿಲ್ಲ. ಬರಿಗಾಲಲ್ಲಿ ನಿಂತು ಅಣ್ಣನ ಕಾಲರು ಸರಿ ಮಾಡಿದಳು.

"ಟೇಪಲ್ಲಿ ಕಾಲರು ಕಾಣಲ್ಲ ಕಣೇ," ಎಂದ ಅಣ್ಣ.

"ನಿನ್ನ ಪಿಟೀಲು ಕೇಳಿದ್ರೆ ಗೊತ್ತಾಗುತ್ತೆ, ಸ್ನಾನ ಮಾಡಿದೀಯೋ ಇಲ್ವೋ ಅಂತ."

ಹಾಡು ನನಗೆ ಗೊತ್ತಿದ್ದದ್ದೇ. ಒಂಬತ್ತು ವರ್ಷದಿಂದ ಕೇಳಿದ್ದು. ಒಬ್ಬ ಹುಡುಗಿ ಕೊಡ ಹೊತ್ತು ಸಮುದ್ರಕ್ಕೆ ಹೋಗಿ, ನಿನ್ನ ಹತ್ತಿರ ಇಷ್ಟೊಂದು ನೀರಿದ್ದರೂ ನನಗೆ ಕುಡಿಯಲು ಒಂದು ಗುಟುಕು ಇಲ್ಲವೇ ಎಂದು ಕೇಳುವುದಂತೆ. ಅವರ ಊರಿನ ಹಳೆಯ ಧಾಟಿ, ಅಣ್ಣ ಈಗಿನವರ ಕಾಲು ಕುಣಿಯುವಂತೆ ಒಂದಿಷ್ಟು ಚುರುಕು ಮಾಡಿದ್ದ. ನನ್ನ ಬೆರಳು ತಾಳ ಹಾಕಲು ಹೋಗಿ ಪ್ರತಿಸಲವೂ ತಪ್ಪುತ್ತಿತ್ತು. ಮೂರಕ್ಕೆ ಎಣಿಸಿದರೆ ಎರಡಾಗುತ್ತದೆ, ಎರಡಕ್ಕೆ ಎಣಿಸಿದರೆ ಮೂರಾಗುತ್ತದೆ. ಬಳೆ ಸದ್ದು ಮಾಡೀತೆಂದು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೂಲೆಯಲ್ಲಿ ಕೂತೆ.

ಮೊದಲ ಸಲ ಹಾಡುತ್ತಿದ್ದಾಗ ಹೊರಗೆ ಯಾರೋ ಎಲೆ ಊದುವ ಯಂತ್ರ ಶುರು ಮಾಡಿದರು. ನಿಂತಿತು. ಇನ್ನೊಂದು ಸಲ ವಿಮಾನ ಹೋಯಿತು. ಮತ್ತೊಂದು ಸಲ ಗಂಡನ ಗಿಟಾರಿನ ತಂತಿ ಪಟ್ ಎಂದು ಕಿತ್ತುಬಂತು. ಹೊಸ ತಂತಿ ಕಟ್ಟಿ ಸುರ ಕೂಡಿಸುವಷ್ಟರಲ್ಲಿ ಬಹಳ ಹೊತ್ತಾಯಿತು. ಒಂದು ಸಲವೂ ಹಾಡು ಕೊನೆಯ ಚರಣದ ತನಕ ಹೋಗಲಿಲ್ಲ. ಚಿತ್ರಾನ್ನ ಒಣಗುತ್ತಾ ಬಂತು. ಟೇಪಿನ ಮುದುಕರೊಬ್ಬರೇ ಎರಡು ತಟ್ಟೆ ತಿಂದರು.

ಕಿಟಕಿಯಲ್ಲಿ ಬೆಳಕು ಇಳಿಯುತ್ತಿತ್ತು. ಆ ದಿನಗಳಲ್ಲಿ ಐದಕ್ಕೆಲ್ಲ ಮುಸ್ಸಂಜೆ. ಕಾರ್ತಿಕದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ದೀಪ ಹಚ್ಚುವುದನ್ನು ನಾನು ಮದುವೆಯಾದಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಬಾಣಂತನದಲ್ಲೂ ಯಾರ ಕೈಯಿಂದಲಾದರೂ ಹಚ್ಚಿಸಿದ್ದೇನೆ. ಆಕೆಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

"ಹೋಗು ಹೋಗು," ಎಂದಳು. "ನಂದೂ ಒಂದು ಮಾತು ಹೇಳು ನಿನ್ನ ದೇವರಿಗೆ. ಈ ಸಲ ಆಗ್ಲೇಬೇಕು, ಅಣ್ಣ ಹೊರಡ್ತಾನೆ."

ಮನೆಗೆ ಬಂದು ಕೈಕಾಲು ತೊಳೆದು ಗೂಡಿನ ಮುಂದೆ ಕೂತೆ. ಮಣ್ಣಿನ ಹಣತೆಗೆ ತುಪ್ಪ ಹಾಕಿ ಬತ್ತಿ ನೆನೆಸಿದೆ. ಗೋಡೆಯಾಚೆ ಹಾಡು ಶುರುವಾಯಿತು. ನಾನು ಬೆಂಕಿಕಡ್ಡಿ ಗೀರದೆ ಕೈಯಲ್ಲಿ ಹಿಡಿದು ಕೇಳುತ್ತಾ ಕೂತೆ. ಹಲಗೆಯ ಈಚೆಯಿಂದ ಕೇಳಿದರೂ ತಿಳಿಯುತ್ತಿತ್ತು, ಈ ಸಲದ್ದು ಬೇರೆ. ಪಿಟೀಲು ಆಕೆಯ ಧ್ವನಿಯ ಹಿಂದೆ ಹಿಂದೆ ಬರುತ್ತಿದ್ದದ್ದು ಒಂದು ಕಡೆ ಮುಂದೆ ಓಡಿತು, ಆಕೆ ಬಿಡದೆ ಹಿಡಿದಳು. ಎಲೆಯ ಯಂತ್ರವಿಲ್ಲ, ವಿಮಾನವಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಹಾಡು ಏರಿ, ಮೂವರೂ ಒಟ್ಟಿಗೆ ಒಂದು ಹೊಡೆತಕ್ಕೆ ನಿಂತರು.

ಒಂದು, ಎರಡು, ಮೂರು. ಸದ್ದಿಲ್ಲ. ಮುಗಿಯಿತು, ಕಾಪಾಡಿದೆ ಸ್ವಾಮಿ ಎಂದುಕೊಂಡೆ. ದೀಪ ಹಚ್ಚಿದೆ. ಗಂಟೆ ಎತ್ತಿ ಮನಸ್ಸು ತುಂಬಿ ಬಾರಿಸಿದೆ.

ಗಂಟೆಯ ಸದ್ದು ಇನ್ನೂ ಇರುವಾಗಲೇ ಗೋಡೆಯಾಚೆ ಆಕೆಯ ಧ್ವನಿ ಎದ್ದಿತು. ಕೊನೆಯ ಚರಣ.

ನಾನು ಗಂಟೆಯನ್ನು ಸೀರೆಗೆ ಒತ್ತಿ ಹಿಡಿದೆ. ಭಾನುವಾರದ ಗದ್ದಲದಲ್ಲಿ ಆ ಜಾಗಕ್ಕೆ ಬಂದಾಗಲೆಲ್ಲ ಯಾರಾದರೂ ಜೋರಾಗಿ ಕೇಕೆ ಹಾಕುತ್ತಿದ್ದರು, ನಗುತ್ತಿದ್ದರು. ಒಬ್ಬಳೇ ಹಾಡುವಾಗ ಆಕೆ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ, ಮಾತು ತಿಳಿಯದ ನಾನು ಚರಣ ಎಣಿಸಿದವಳೂ ಅಲ್ಲ. ಹಾಗಾಗಿ ಅಲ್ಲೊಂದು ನಿಲುಗಡೆಯಿದೆ ಎನ್ನುವುದೇ ಒಂಬತ್ತು ವರ್ಷದಲ್ಲಿ ನನಗೆ ತಿಳಿದಿರಲಿಲ್ಲ. ಅಂದು ಮಾತ್ರ ಅದನ್ನು ಖಾಲಿ ಬಿಟ್ಟಿದ್ದರು.

ಆಕೆ ನಿಲ್ಲಿಸಲಿಲ್ಲ. ಗಂಟೆ ಕೇಳಿ ಒಳಗೊಳಗೇ ನಕ್ಕಳೋ ಏನೋ, ಧ್ವನಿಯಲ್ಲಿ ಒಂದು ಬೆಳಕು ಬಂದಿತ್ತು. ಮೊದಲ ಸಾಲಿನ ಕೊನೆಯನ್ನು ಎಂದಿನಂತೆ ಇಳಿಸದೆ ಮೇಲಕ್ಕೆತ್ತಿದಳು. ಪಿಟೀಲು ಅಲ್ಲಿಗೇ ಬಂದು ಸೇರಿತು. ಹಾಗೆ ಆಕೆ ಹಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹಾಡು ಮುಗಿಯಿತು, ನಿಜವಾಗಿಯೇ ಮುಗಿಯಿತು.

ಬಾಗಿಲು ತಟ್ಟಿದ್ದು ಆಕೆಯ ಗಂಡ. "ಬಾ," ಎಂದನಷ್ಟೆ.

ಹಜಾರದಲ್ಲಿ ಎಲ್ಲರೂ ನನ್ನನ್ನೇ ನೋಡಿದರು. ಟೇಪಿನ ಮುದುಕರು ಕಿವಿಯ ಹೆಡ್‌ಫೋನು ಇಳಿಸಿ, "ಹತ್ತು ಮೈಕಿಟ್ರೂ ಇಷ್ಟು ಸ್ಪಷ್ಟವಾಗಿ ಬರ್ತಿರ್ಲಿಲ್ಲ," ಎಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ.

ನಾನು ಕೈ ಮುಗಿದೆ. "ಮುಗೀತು ಅಂದ್ಕೊಂಡೆ. ಹರಕೆ ಇತ್ತು. ತಪ್ಪಾಯ್ತು."

ಅಣ್ಣ ಪಿಟೀಲು ಇಳಿಸಿ ನಕ್ಕ. "ನಮ್ಮೂರಲ್ಲಿ ಆ ಜಾಗದಲ್ಲಿ ಯಾರಾದ್ರೂ ಕುಡಿದವ್ರು ಕೂಗ್ತಾರೆ. ಈ ಸಲ ದೇವರೇ ಕೂಗಿದ. ಪರವಾಗಿಲ್ಲ ಬಿಡಿ."

"ಇರ್ಲಿ ಬಿಡು," ಎಂದಳು ಆಕೆ ಅಣ್ಣನಿಗೆ. "ನಂಗೆ ಬೇಜಾರಿಲ್ಲ. ಒಂಬತ್ತು ವರ್ಷ ಕೇಳಿದ ಗಂಟೆ."

ಗಂಡ ಒಪ್ಪಲಿಲ್ಲ. "ಎಲ್ಲಾ ನೆಟ್ಟಗಿತ್ತು. ಹೀಗೆ ಇಟ್ಕೊಂಡ್ರೆ ಸಾಯೋ ತನಕ ಕೇಳಿದಾಗೆಲ್ಲ ಗಂಟೆ. ನೀನು ಆಸ್ಪತ್ರೆಗೆ ಒಂದು ಫೋನು ಮಾಡು. ಇನ್ನೊಂದು ಸಲ ಬಾರಿಸೋಣ."

ಅಣ್ಣ ಫೋನು ಹಿಡಿದು ಅಡುಗೆಮನೆಗೆ ಹೋಗಿ ಬಂದ. ಕಾಲು ಗಂಟೆ ಸಿಕ್ಕಿತ್ತು. ಇದನ್ನು ಯಾರ ಫೋನಿನಲ್ಲಾದರೂ ಇಳಿಸಿಕೊಂಡು ಆಮೇಲೆ ಹಾಡಬಹುದೇ ಎಂದು ನಾನೇ ಕೇಳಿದೆ. ಸ್ಪೀಕರು ವ್ಯಾನಿನಲ್ಲಿದೆ, ತಂದು ಜೋಡಿಸಿ ಕೇಳಿಸುವಷ್ಟರಲ್ಲಿ ಆ ಕಾಲು ಗಂಟೆಯೇ ಮುಗಿಯುತ್ತದೆ ಎಂದರು ಮುದುಕರು. ಇದ್ದದ್ದನ್ನು ಇಟ್ಟುಕೊಳ್ಳುವುದು, ಇಲ್ಲ ಅಳಿಸಿ ಮತ್ತೆ ಹಾಡುವುದು. ಅದು ಕೆಟ್ಟರೆ ಅಣ್ಣ ತಂಗಿಯ ಹಾಡೇ ಇಲ್ಲ.

ಆಕೆ ನನ್ನ ಕಡೆ ತಿರುಗಿದಳು. "ನೀನೇ ಹೇಳು ವೆಸೀನಾ. ನಿನ್ನ ಗಂಟೆ. ಇಡೋದಾ, ಅಳಿಸೋದಾ?"

"ಅಳಿಸಿ," ಎಂದುಬಿಟ್ಟೆ.

ಒಂದು ಕ್ಷಣವೂ ಯೋಚಿಸಲಿಲ್ಲ. ನಾಚಿಕೆ ನನ್ನ ಬಾಯಿಂದ ಮಾತಾಡಿತು. ಯಾರದೋ ಮನೆಯ ಕಡೆಯ ಹಾಡಿನ ನಡುವೆ ನನ್ನ ಸದ್ದು ಬಿದ್ದಿದೆ ಎನ್ನುವುದೊಂದೇ ತಲೆಯಲ್ಲಿತ್ತು. ಆಕೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಸರಿ," ಎಂದಳು. ಚಕ್ರ ಹಿಂದಕ್ಕೆ ತಿರುಗಿತು, ಗಾಳಿಯಂಥ ಸದ್ದು ಮಾಡುತ್ತಾ. ನಾನು ಬಾಗಿಲ ಪಕ್ಕ ನೆಲದ ಮೇಲೆ ಕೂತೆ.

ಪಿಟೀಲು ಮೊದಲ ಎಳೆತದಲ್ಲೇ ಸ್ವಲ್ಪ ನಡುಗಿತು. ಅಣ್ಣ ಕಣ್ಣು ಮುಚ್ಚಿ ಮುಂದುವರಿದ. ಹಾಡು ನಡೆಯಿತು. ಎಲ್ಲೂ ತಪ್ಪಲಿಲ್ಲ, ಎಲ್ಲರೂ ಎಚ್ಚರವಾಗಿದ್ದರು. ಹೊಡೆತ ಬಿತ್ತು, ನಿಂತರು. ಆ ನಿಲುಗಡೆಯನ್ನು ಈಗ ಒಳಗಿನಿಂದ ನೋಡಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಾ, ಉಸಿರು ಹಿಡಿದು, ಚಕ್ರ ಮಾತ್ರ ತಿರುಗುತ್ತಾ. ಎಷ್ಟೋ ಹೊತ್ತಾದಂತೆ ಅನ್ನಿಸಿತು. ಅಣ್ಣ ಗಲ್ಲ ಆಡಿಸಿದ. ಆಕೆ ಕೊನೆಯ ಚರಣ ಹಾಡಿದಳು. ಸಾಲಿನ ಕೊನೆಯನ್ನು ಎಂದಿನಂತೆ ಇಳಿಸಿದಳು. ಮುಗಿಯಿತು.

ಮುದುಕರು ಕೈ ಎತ್ತಿ, ಎಲ್ಲ ಸದ್ದೂ ಆರುವ ತನಕ ಕಾದು, ಗುಂಡಿ ಒತ್ತಿದರು. "ಸಿಕ್ತು," ಎಂದರು.

ಅಣ್ಣ ಪಿಟೀಲು ಪೆಟ್ಟಿಗೆಗೆ ಹಾಕುವಾಗ ತಂಗಿ ಅವನ ಬೆನ್ನಿಗೆ ಹಣೆ ಇಟ್ಟು ನಿಂತಳು. ಅವನು ತಿರುಗಲಿಲ್ಲ. ಪೆಟ್ಟಿಗೆಯ ಕೊಂಡಿ ಹಾಕಿ, "ತಟ್ಟೆಗಳು ಕಾಯ್ತಾ ಇವೆ ಕಣೇ," ಎಂದು ಹೊರಟುಹೋದ. ನಾನು ಡಬ್ಬಿಗಳನ್ನು ಎತ್ತಿಕೊಂಡೆ. ಖಾಲಿ ಡಬ್ಬಿ, ಅಷ್ಟಾದರೂ ಸಮಾಧಾನ.

ಭಾನುವಾರ ಅವರ ಟ್ರಕ್ಕು ಹೋದಾಗ ನಾನು ಹೊಸಿಲಲ್ಲಿ ನಿಂತಿದ್ದೆ. ಆಕೆ ಕಿಟಕಿಯಿಂದ ಕೈ ಹೊರಗೆ ಹಾಕಿ ಬೀದಿಯ ತಿರುವಿನ ತನಕ ಹಾಗೆಯೇ ಹಿಡಿದಿದ್ದಳು.

ಆಮೇಲಿನ ವಾರಗಳನ್ನು ಹೇಳುವುದಕ್ಕೆ ಹೆಚ್ಚೇನಿಲ್ಲ. ಎರಡು ಗಂಟೆಯಾಗುತ್ತಿತ್ತು, ಬಾಗಿಲು ದಡ್ ಎನ್ನುತ್ತಿರಲಿಲ್ಲ. ಕಾಫಿಗೆ ನೀರಿಡುವುದು ಮರೆತು ಮೂರಾಗುತ್ತಿತ್ತು. "ಪಕ್ಕದ್ಮನೆ ಇನ್ನೂ ಖಾಲಿ ಇದ್ಯಾ?" ಎಂದು ಯಜಮಾನರು ಒಂದು ಸಂಜೆ ಕೇಳಿದರು. ಹೌದೆಂದೆ. "ಸದ್ಯ, ಸೈಲೆಂಟಾಗಿದೆ," ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ದಿನವಿಡೀ ಸದ್ದಿನಲ್ಲಿ ಇರುವವರು. ನಾನು ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದೆ.

ಮಾರ್ಗಶಿರದಲ್ಲಿ ಹಾಡು ನನ್ನ ಫೋನಿಗೆ ಬಂತು. ಟೇಪಿನಿಂದ ಇಳಿಸಿ ಕಳಿಸಿದ್ದರು. ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತೇ ಕೇಳಿದೆ. ಅಣ್ಣನ ಪಿಟೀಲು, ತಂಗಿಯ ಗಂಟಲು, ಒಟ್ಟಿಗೆ. ನಾನು ಬೇಡಿದ್ದು ಅದನ್ನೇ, ಸ್ವಾಮಿ ಕೊಟ್ಟಿದ್ದ. ಮಗಳಿಗೂ ಕಳಿಸಿದೆ. "ಸೋ ಪ್ರಿಟಿ ಅಮ್ಮಾ, ಹೂ ಆರ್ ದೇ?" ಎಂದಳು. ಒಂಬತ್ತು ವರ್ಷ ನಮ್ಮ ಪಕ್ಕದಲ್ಲಿದ್ದವರೇ ಕಣೇ ಎಂದೆ. "ಓ," ಎಂದಳು.

ಎರಡು ದಿನ ಬಿಟ್ಟು ಆಕೆಯೇ ಫೋನು ಮಾಡಿದಳು. ಅಲ್ಲಿಯ ಹವೆ, ಹೊಸ ಮನೆಯ ಇರುವೆ, ಗಂಡನ ಮೊಣಕಾಲು, ಎಲ್ಲ ಆಯಿತು.

"ವೆಸೀನಾ, ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಆ ಮೊದಲನೇದು, ಗಂಟೆಯದ್ದು. ಹೇಗಿತ್ತು? ನಾವೆಲ್ಲ ಬಾರಿಸ್ತಾ ಇದ್ವಿ, ಆ ಮುದುಕ್ರು ಯಂತ್ರದ ಮುಳ್ಳು ನೋಡ್ತಾ ಇದ್ರು. ಸುಮ್ನೆ ಕೂತು ಕೇಳಿದವಳು ನೀನೊಬ್ಳೇ."

ದೇವರನಾಮ ಹೇಳುವ ಬಾಯಲ್ಲಿ ಸುಳ್ಳು ಹೇಳುವುದು ಹೇಗೆ. ಹೇಳಿಬಿಡೋಣ ಎಂದು ಬಹಳ ಅನ್ನಿಸಿತು, ಆದರೂ ಆಗಲಿಲ್ಲ.

"ಈಗಿರೋದು ಚೆನ್ನಾಗಿದೆ," ಎಂದೆ. "ಆದ್ರೆ ಅದು ಇನ್ನೂ ಚೆನ್ನಾಗಿತ್ತು. ಗಂಟೆ ಆದ್ಮೇಲೆ ನೀನು ಹಾಡಿದೆಯಲ್ಲ, ಅದು."

"ನಂಗೂ ಹಾಗೇ ಅನ್ನಿಸಿತ್ತು," ಎಂದಳು.

"ಅಳಿಸಿ ಅಂದವಳು ನಾನು."

"ಅಳಿಸೋದಾ ಅಂತ ಕೇಳಿದವಳು ನಾನು. ಅಣ್ಣನಿಗೆ ಹೇಳ್ಬೇಡ, ಅವನು ಇದನ್ನ ದಿನಾ ರೈಲಲ್ಲಿ ಕೇಳ್ತಾನಂತೆ."

"ಇಲ್ಲ, ಹೇಳಲ್ಲ."

"ಅಲ್ಲಿ ನಾನೇನೋ ಬೇರೆ ಮಾಡ್ದೆ. ಮೇಲಕ್ಕೆ ಹೋದೆ ಅಂತ ನೆನಪು. ಎಷ್ಟು ಸಲ ಹಾಡಿ ನೋಡಿದ್ರೂ ಸಿಗ್ತಾ ಇಲ್ಲ. ನಿಂಗೆ ಗೊತ್ತಾ?"

ಅವರ ಭಾಷೆಯ ಒಂದು ಪದವೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ದೇವರನಾಮ ಬಿಟ್ಟು ಬೇರೆ ಹಾಡಿದವಳೂ ಅಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಫೋನನ್ನು ಬಾಯಿಯ ಹತ್ತಿರ ಹಿಡಿದು, ಮಾತಿಲ್ಲದೆ ಬರೀ ಧಾಟಿಯಲ್ಲಿ ಕೊನೆಯ ಚರಣದ ಮೊದಲ ಸಾಲು ಗುನುಗಿದೆ. ಇಳಿಯುವ ಜಾಗದಲ್ಲಿ ಇಳಿಸದೆ, ನನ್ನ ಬಿರುಕು ಗಂಟಲಿನಿಂದಲೇ ಮೇಲಕ್ಕೆ ಒಯ್ದೆ.

ಆ ಕಡೆ ಸದ್ದಿರಲಿಲ್ಲ. ಲೈನು ಕಡಿಯಿತೇನೋ ಎಂದುಕೊಂಡೆ.

"ಇನ್ನೊಂದ್ಸಲ," ಎಂದಳು ಆಕೆ. "ಸ್ವಲ್ಪ ನಿಧಾನವಾಗಿ."

ನಾನು ಮತ್ತೆ ಮೊದಲಿನಿಂದ ಹಿಡಿದೆ.